ಮುತ್ಯಾನನ್ನು ಕೆಳಗಿಳಿಸಿದ ಲಗ್ನಪತ್ರಿಕೆ

ಕಾಲೇಜಿನ ನೌಕರಿ ಬಿಡುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದಾಗ ನಮ್ಮವ್ವ ಕೇಳಿದ ಮೊದಲ ಮಾತು, "ಯಾರನ್ನ ಬಡದ್ಯೋ?" ಎಂದು. ಅವ್ವನದೇನೂ ತಪ್ಪಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರ ಹೋಗಿಲ್ಲ. ಯಾರನ್ನೂ ಬಡಿದಿಲ್ಲ, ನಾನಾಗಿಯೇ ಬಿಡುತ್ತಿದ್ದೇನೆ ಎಂದು ಹೇಳಿದ ಮೇಲೆ ಅವಳ ಚಿಂತೆ ಇನ್ನೂ ಹೆಚ್ಚಾಯಿತು. ಯಾರನ್ನಾದರೂ ಬಡಿದಿದ್ದರೆ ಮಾಫಿ ಕೇಳಿ ವಾಪಸ್ಸು ಹೋಗಬಹುದಿತ್ತಲ್ಲ.

ಅದು ನಿಜಾಮರ ಕಾಲ. ಕಲಬುರ್ಗಿಯ ನಮ್ಮ ಕಾಲೇಜು ಹೈದರಾಬಾದಿನ ವಿಶ್ವವಿದ್ಯಾಲಯದ ಕೈಕೆಳಗಿತ್ತು. ಪಾಠವೆಲ್ಲ ಉರ್ದುವಿನಲ್ಲಿ. ನಾನು ಅಲ್ಲಿ ಇತಿಹಾಸ ಕಲಿಸುತ್ತಿದ್ದೆ. ಕೋಟನೂರಿನ ತೊಗರಿ ಹೊಲದಿಂದ ಎದ್ದು ಬಂದ ಮಗ ಶೇರ್ವಾನಿಯ ಗುಂಡಿಗಳನ್ನು ಕೊರಳತನಕ ಹಾಕಿಕೊಂಡು ಹೋಗುವುದನ್ನು ನೋಡಲಿಕ್ಕೆಂದೇ ಅವ್ವ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇನ್ನೊಂದಿಷ್ಟು ದಿನ ಸುಮ್ಮನಿದ್ದರೆ ಹೈದರಾಬಾದಿಗೇ ಕರೆಸಿಕೊಳ್ಳುತ್ತಾರೆ ಎಂಬ ಮಾತೂ ಇತ್ತು. ಆದರೆ ಸುಮ್ಮನಿರುವುದೊಂದು ನನ್ನಿಂದಾಗುವ ಕೆಲಸವಲ್ಲ.

ಕನ್ನಡವನ್ನು ನಾನು ಕಲಿತದ್ದು ಊರ ಮಠದಲ್ಲಿ, ಅಯ್ಯನವರ ಮುಂದೆ ಕೂತು ಮರಳಿನ ಮೇಲೆ ಬೆರಳಾಡಿಸಿ. ಆಮೇಲೆ ಓದಿದ್ದೆಲ್ಲ ಉರ್ದು. ಆದರೂ ಕನ್ನಡದ ಕಾಗದ ಎಲ್ಲಿ ಕಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಮ್ಮ ಕಡೆಯವರು ಕನ್ನಡದಲ್ಲಿ ಏನಾದರೂ ಅಚ್ಚು ಹಾಕಿಸಬೇಕೆಂದರೆ ಸೊಲ್ಲಾಪುರಕ್ಕೋ ಗದಗಿಗೋ ಕಳಿಸುತ್ತಿದ್ದರು. ತಿರುಗಿ ಬಂದದ್ದರಲ್ಲಿ ಸಾಲುಗಳು ಹಾರಿರುತ್ತಿದ್ದವು, ಹೇಳಿದ್ದನ್ನೇ ಮತ್ತೆ ಹೇಳಿರುತ್ತಿತ್ತು, ಒಂದು ಪುಟದ ವಿಷಯ ಇನ್ನೊಂದು ಪುಟಕ್ಕೆ ಹೋಗಿ ಕೂತಿರುತ್ತಿತ್ತು. ನಮ್ಮ ಓಣಿಯ ವೈದ್ಯರೊಬ್ಬರು ಅಚ್ಚು ಹಾಕಿಸಿದ ಔಷಧಿಯ ಪುಸ್ತಕದಲ್ಲಿ ಎತ್ತಿನ ಕಾಲುಬೇನೆಗೆ ಹಚ್ಚುವ ಲೇಪ ಮಕ್ಕಳ ಕೆಮ್ಮಿನ ಕೆಳಗೆ ಬಂದಿತ್ತು. ವೈದ್ಯರಿಗೆ ಅದರ ಬಗ್ಗೆ ಅಂಥ ಬೇಜಾರೇನೂ ಇರಲಿಲ್ಲ. "ಅಚ್ಚಾಗಿ ಬಂತಲ್ರೀ, ಸಾಕು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಕೈಯಿಂದ ಕಸಿದುಕೊಂಡೇ ಬಂದೆ ಅನ್ನಬೇಕು, ಮೊದಲಿನಿಂದ ಕೊನೆಯತನಕ ತಿದ್ದಿ, ಬೇಡದ್ದನ್ನು ತೆಗೆದು, ಬೇಕಾದ್ದನ್ನು ಅವರನ್ನೇ ಕೇಳಿ ಸೇರಿಸಿ ಕೊಟ್ಟೆ. ಆಮೇಲೆ ಅವರ ಪರಿಚಯದವರು ಬಂದರು. ಆ ಕೆಲಸಕ್ಕೆ ಕೂತರೆ ಪಕ್ಕದಲ್ಲಿಟ್ಟ ಚಹಾ ಆರಿದ್ದು ಗೊತ್ತಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಗಂಟೆ ಯಾವಾಗ ಬಾರಿಸುತ್ತದೋ ಎಂದು ಹುಡುಗರಿಗಿಂತ ಹೆಚ್ಚು ನಾನೇ ಕಾಯುತ್ತಿದ್ದೆ.

ಪ್ರಿನ್ಸಿಪಾಲರು ಹೈದರಾಬಾದಿನ ದೊಡ್ಡ ಮನೆತನದವರು, ಬಹಳ ನಯದ ಮನುಷ್ಯ. ನೌಕರಿ ಬಿಡುವುದಾಗಿ ನಾನು ಬರೆದ ಇಸ್ತೀಫಾ ಓದಿ, ಅದರ ಉರ್ದು ಚೆನ್ನಾಗಿದೆ ಎಂದು ಹೊಗಳಿದರು. ಮಂಜೂರು ಮಾತ್ರ ಮಾಡಲಿಲ್ಲ. ಮೇಜಿನ ಖಾನೆಯಲ್ಲಿಟ್ಟುಕೊಂಡು, "ಬೇಸಿಗೆ ರಜೆ ಮುಗಿಯುವವರೆಗೆ ಇದು ಇಲ್ಲೇ ಮಲಗಿರಲಿ ಜನಾಬ್. ಕಾಲೇಜು ತೆರೆದ ದಿನ ನೀವು ಪಾಠಕ್ಕೆ ಬಂದರೆ ನಾನು ಇದನ್ನು ನೋಡಿಯೇ ಇಲ್ಲ. ಬರದಿದ್ದರೆ ಹೈದರಾಬಾದಿಗೆ ಕಳಿಸುತ್ತೇನೆ" ಎಂದರು. ಅಂಥವರ ಮೇಲೆ ಸಿಟ್ಟಾಗುವುದು ಹೇಗೆ? ಸಲಾಮು ಮಾಡಿ ಬಂದೆ.

ಕಲಬುರ್ಗಿಯ ಜಗತ್ ಓಣಿಯಲ್ಲಿ ಒಂದು ಬಳೆ ಅಂಗಡಿಯ ಮೇಲಿನ ಕೋಣೆ ಹಿಡಿದೆ. "ಕನ್ನಡ ಬರಹಗಳನ್ನು ತಿದ್ದಿ, ಅಚ್ಚಿಗೆ ಸಿದ್ಧ ಮಾಡಿ ಕೊಡಲಾಗುವುದು" ಎಂದು ಬೋರ್ಡು ಬರೆಸಿದೆ. ಅಂಥ ಬೋರ್ಡನ್ನು ಕಲಬುರ್ಗಿ ಅದಕ್ಕೂ ಮೊದಲು ನೋಡಿರಲಿಲ್ಲ. ಜನರಿಗೆ ನಾನು ಏನು ಮಾಡುತ್ತೇನೆಂಬುದೇ ತಿಳಿಯಲಿಲ್ಲ. ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆಯುವವರಲ್ಲಿ ಒಬ್ಬನೆಂದು ತಿಳಿದು ಹೊಲದ ತಂಟೆ ತಂದರು. ಜ್ಯೋತಿಷ್ಯದವನೆಂದು ಜಾತಕ ತಂದರು. ಊರಿನಲ್ಲಿ ಮಾತ್ರ ಸುದ್ದಿ ಒಂದೇ: ಕಾಲೇಜಿನಿಂದ ತೆಗೆದು ಹಾಕಿದ್ದಾರೆ, ಪಾಪ, ಬಳೆ ಅಂಗಡಿಯ ಮೇಲೆ ಕೂತು ತಲೆ ಕೆಡಿಸಿಕೊಂಡಿದ್ದಾನೆ.

ನನ್ನ ಹೆಂಡತಿ ಇದಕ್ಕೆಲ್ಲ ಅಡ್ಡ ಬರಲಿಲ್ಲ, ಹೂಂ ಅನ್ನಲೂ ಇಲ್ಲ. "ಕಾಲೇಜ್ ತೆಗಿಯೂತನಕ ನಾ ಒಂದ್ ಮಾತೂ ಅನ್ನಂಗಿಲ್ಲ. ಆಮ್ಯಾಲ ಅನ್ನೂದೇನರ ಇದ್ರ ಒಮ್ಮೆಗೇ ಅಂತೀನಿ" ಎಂದಳು. ಅವಳು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಶೇರ್ವಾನಿಯನ್ನು ಒಗೆದು ಮಡಚಿ ಪೆಟ್ಟಿಗೆಯಲ್ಲಿ ಮೇಲ್ಗಡೆಯೇ ಇಟ್ಟಿದ್ದಳು, ಕೈಗೆ ಸಿಗುವ ಹಾಗೆ.

ಪುಸ್ತಕ ಬರೆದವರು ಬರುತ್ತಾರೆಂದು ಕಾದು ಕೂತವನ ಹತ್ತಿರ ಬಂದದ್ದು ಲಗ್ನಪತ್ರಿಕೆಗಳು. ಆ ಹೊತ್ತಿಗೆ ಊರಲ್ಲೇ ಒಂದು ಸಣ್ಣ ಕನ್ನಡ ಛಾಪಖಾನೆ ಶುರುವಾಗಿತ್ತು. ಅದರ ಮಾಲೀಕನಿಗೆ ಯಂತ್ರ ಓಡಿಸುವುದು ಕಷ್ಟವಾಗಿರಲಿಲ್ಲ, ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು ಎಂಬ ಜಗಳ ಬಿಡಿಸುವುದು ಕಷ್ಟವಾಗಿತ್ತು. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರಿನ ಸಾಲು ಅಂದರೆ ಹುಡುಗಾಟವಲ್ಲ. ಕಾಕಾನ ಹೆಸರು ಮಾವನ ಕೆಳಗೆ ಬಂದರೆ ಕಾಕಾ ಲಗ್ನಕ್ಕೇ ಬರುವುದಿಲ್ಲ. ಮಾಲೀಕ ಅಂಥವರನ್ನೆಲ್ಲ "ಬಳೆ ಅಂಗಡಿ ಮ್ಯಾಲ ಮಾಸ್ತರ ಕೂತಾರ, ಅವರು ಅಂದಂಗ" ಎಂದು ನನ್ನ ಕಡೆ ಅಟ್ಟತೊಡಗಿದ. ಬಾದಶಹರ ವಂಶಾವಳಿ ಕಲಿಸಿ ಕಲಿಸಿ ನನಗೆ ಇದರಲ್ಲಿ ಒಳ್ಳೆಯ ಕೈ ಕೂತಿತ್ತು. ಎಲ್ಲರ ಮಾತು ಕೇಳಿ, ಯಾರಿಗೆ ಎಲ್ಲಿ ನೋಯುತ್ತದೆ ಎಂದು ತಿಳಿದು, ಸಾಲು ಜೋಡಿಸಿ, ಮಾತನ್ನೂ ಒಪ್ಪ ಮಾಡಿ ಕೊಡುತ್ತಿದ್ದೆ. ಬಂದವರು ಸಮಾಧಾನದಿಂದ ಹೋಗುತ್ತಿದ್ದರು. ಹೀಗೇ ನಡೆದರೆ ನಾಳೆ ಪುಸ್ತಕಗಳೂ ಬಂದಾವು ಎಂದು ನನಗೆ ಆಸೆ ಹುಟ್ಟಿತು.

ಕಮಲಾಪುರದ ಪತ್ರಿಕೆ ಬಂದದ್ದು ಆಗ. ಕೆಂಪು ಬಾಳೆಯ ತೋಟದವರು, ದೊಡ್ಡ ಮನೆ. ಮನೆಯ ಹಿರಿಯ ಅಜ್ಜನನ್ನು ಊರೆಲ್ಲ ಮುತ್ಯಾ ಅನ್ನುತ್ತಿತ್ತು. ಇಬ್ಬರು ಗಂಡುಮಕ್ಕಳು. ಸಣ್ಣ ಮಗನ ಮಗಳ ಲಗ್ನ. ಮಗಳು ನನ್ನವಳು, ಆದ್ದರಿಂದ ನನ್ನ ಹೆಸರು ಮುಂದೆ ಎಂದು ಸಣ್ಣವನು. ಮನೆ ನಡೆಸುವವನು ನಾನು, ಆದ್ದರಿಂದ ನನ್ನದು ಎಂದು ದೊಡ್ಡವನು. ಇಬ್ಬರೂ ನನ್ನ ಕೋಣೆಯ ಎರಡು ಮೂಲೆ ಹಿಡಿದು ಕೂತು ಗೋಡೆಗೆ ಮಾತಾಡುತ್ತಿದ್ದರು. ನಾನು ಎಲ್ಲಕ್ಕಿಂತ ಮೇಲೆ ಮುತ್ಯಾನ ಹೆಸರೊಂದನ್ನೇ ಹಾಕಿ, ಅದರ ಕೆಳಗೆ ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಪತ್ರಿಕೆಯ ಅಡಿಯಲ್ಲಿ, ನಮ್ಮಲ್ಲಿ ಹಾಕುವ ಪದ್ಧತಿಯಂತೆ, "ಲಿಂಗೈಕ್ಯ ಹಿರಿಯರ ಆಶೀರ್ವಾದಗಳೊಂದಿಗೆ" ಎಂದು ಬರೆದು ಆ ಮನೆಯಲ್ಲಿ ತೀರಿಹೋದವರ ಹೆಸರುಗಳನ್ನಿಟ್ಟೆ. ಇಬ್ಬರೂ ಒಪ್ಪಿದರು. ಛಾಪಖಾನೆಯಿಂದ ಬಂದ ಕರಡನ್ನು ನೋಡಿ, ಸರಿಯಿದೆ ಎಂದು ನಾನು ಸಹಿ ಮಾಡಿ ಕಳಿಸಿದೆ. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಕೆಲವು ದಿನದ ಮೇಲೆ ಛಾಪಖಾನೆಯ ಮಾಲೀಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಮಾಸ್ತರ, ಕಮಲಾಪುರದಾಗ ಗದ್ಲಾ ಆಗ್ಯಾದ. ಮುತ್ಯಾ ಸತ್ತಾನಂತ ಪತ್ರಿಕ್ಯಾಗ ಬಂದದಂತ."

"ಸತ್ತಾನೇನು?"

"ಎಲ್ಲೀದ್ರೀ. ಗಟ್ಟಿ ಕೂತಾನ."

ಅವನ ಜೊತೆ ಓಡಿ ಹೋಗಿ ಪತ್ರಿಕೆ ನೋಡಿದೆ. ಎಲ್ಲಕ್ಕಿಂತ ಮೇಲೆ ದೊಡ್ಡ ಮಗನ ಹೆಸರಿತ್ತು. ಮುತ್ಯಾನ ಹೆಸರು ಅಡಿಗೆ ಹೋಗಿ, ಲಿಂಗೈಕ್ಯ ಹಿರಿಯರ ಜೊತೆ ಕೂತಿತ್ತು. ಅಚ್ಚಿನ ಅಕ್ಷರದ ಮೊಳೆ ಜೋಡಿಸುವವನನ್ನು ಹಿಡಿದು ಕೇಳಿದೆ. ನಾನು ಕರಡು ಕಳಿಸಿದ ಮೇಲೆ ದೊಡ್ಡ ಮಗ ಒಬ್ಬನೇ ಬಂದಿದ್ದನಂತೆ. "ನನ್ನ ಹೆಸರು ಮ್ಯಾಲ ತಗೋರಿ. ಅಪ್ಪಂದು ಆ ಹಿರ್ಯಾರ ಸಾಲಿನಾಗ ಹಾಕ್ರಿ, ಹಿರ್ಯಾರೆಲ್ಲಾ ಒಂದೇ ಕಡೆ ಇರ್ಲಿ" ಅಂದನಂತೆ. ಆ ಸಾಲಿನ ತಲೆಯ ಮೇಲೆ ಏನು ಬರೆದಿದೆ ಎಂದು ಅವನು ನೋಡಲಿಲ್ಲ. ಮೊಳೆಯವನು ಗಿರಾಕಿ ಅಂದದ್ದನ್ನು ಮಾಡಿದ. ಪತ್ರಿಕೆಯ ಗಂಟು ಅಲ್ಲಿಂದಲೇ ಗಾಡಿ ಹತ್ತಿ, ಅರಿಶಿನ ಹಚ್ಚಿಸಿಕೊಂಡು ಊರೂರಿಗೆ ಹೋಗಿತ್ತು.

ನಾನು ಛಾಪಖಾನೆಯಲ್ಲಿ ಕೂಗಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದನ್ನೇ ಬಹಳ ತಿದ್ದಬೇಕಾದೀತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕಮಲಾಪುರಕ್ಕೆ ಹೋಗುತ್ತೇನೆ ಅಂದೆ.

"ತಪ್ಪು ನಿಮ್ಮದಲ್ಲಂತೀರಿ. ಮತ್ತ ಯಾಕ್ರೀ ಹೋಗೂದು?"

"ಕೆಲಸ ನಂದಲ್ಲೇನು?"

ಅವಳು ಒಳಗೆ ಹೋಗಿ ಒಗೆದ ಧೋತರ ತಂದಳು. ನನಗೆ ಗೊತ್ತಿತ್ತು, ಈ ಸುದ್ದಿ ಹರಡಿದರೆ ಮುಂದೆ ಯಾರೂ ನನ್ನ ಮೆಟ್ಟಿಲು ಹತ್ತುವುದಿಲ್ಲ. ಬದುಕಿದ್ದವರನ್ನು ಸಾಯಿಸುವ ಮಾಸ್ತರನ ಹತ್ತಿರ ಲಗ್ನದ ಪತ್ರಿಕೆ ತರುವವರು ಯಾರು? ಕಾಲೇಜು ತೆರೆಯುವ ದಿನ ಹತ್ತಿರವಾಗಿತ್ತು, ಶೇರ್ವಾನಿ ಹೇಗೂ ಮೇಲ್ಗಡೆಯೇ ಇತ್ತು.

ಕಮಲಾಪುರದ ಮೋಟಾರಿನಲ್ಲಿ ನನ್ನ ಮುಂದೆ ನಂದೂರದ ಒಬ್ಬ ಹೆಣ್ಣುಮಗಳು ಕೂತಿದ್ದಳು, ಮಡಿಲಲ್ಲಿ ಬಿಳಿ ಅರಿವೆಯ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಂಧುಗಳು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಹೋಗುತ್ತಾರೆ. ಅವಳು ಹೊರಟಿದ್ದು ಅದೇ ಮನೆಗೆ.

"ನೀವೂ ಮುತ್ಯಾನ ಮನೀಗೇನ್ರೀ?" ಎಂದು ಕೇಳಿದಳು. ಹೌದೆಂದೆ.

"ಪುಣ್ಯವಂತ. ಒಂದ್ ಗಳಿಗೀನೂ ನರಳಲಿಲ್ಲಂತ. ತೋಟದಾಗಿಂದ ಬಂದು, ನೀರು ಬೇಡಿ, ಕುಡದು, ಹಂಗೇ ಗ್ವಾಡಿಗೆ ಒರಗ್ಯಾನಂತ. ಹೋದಾವ ಹ್ವಾದ. ಈ ಮಕ್ಕಳಿಗೆ ಏನನಬೇಕ್ರೀ? ಒಂದು ಮಾತು ಹೇಳಿ ಕಳಸಲಿಲ್ಲ, ಪತ್ರಿಕ್ಯಾಗ ಹಾಕಿ ಕೈ ತೊಳಕೊಂಡಾರ. ಅಪ್ಪನ ಮಣ್ಣು ಆರೂದರಾಗ ಲಗ್ನಾ ಹಚ್ಚ್ಯಾರ."

ಇಷ್ಟು ವಿವರವಾಗಿ ತೀರಿಹೋದವನು ಬದುಕಿದ್ದಾನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಇಳಿಯುವ ಹೊತ್ತಿಗೆ ಅವಳು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಅವಳ ಗಂಟನ್ನು ನಾನೇ ಇಳಿಸಿಕೊಟ್ಟೆ.

ಅಂಗಳದಲ್ಲಿ ಒಂದು ಕಡೆ ಹಂದರಕ್ಕೆ ಗಳ ನಿಲ್ಲಿಸಿದ್ದರು. ಇನ್ನೊಂದು ಕಡೆ ಬುತ್ತಿ ತಂದವರು ಗುಂಪುಗುಂಪಾಗಿ ಕೂತಿದ್ದರು. ಅಳಲು ಬಂದವರಿಗೆ ಅಳುವಂತಿಲ್ಲ, ವಾಪಸ್ಸು ಹೋಗಲು ಮನಸ್ಸಿಲ್ಲ. ನಂದೂರದ ಹೆಣ್ಣುಮಗಳು ಬಾಗಿಲಲ್ಲೇ ರಾಗ ತೆಗೆದಳು, ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನನ್ನು ನೋಡಿ ರಾಗವನ್ನು ಅಲ್ಲೇ ನುಂಗಿದಳು. ಬೀಗರ ಕಡೆಯಿಂದ ಬಂದ ಒಬ್ಬ ಹಿರಿಯರು ಗೋಡೆಗೆ ಒರಗಿ ಮುಖ ಬಿಗಿದುಕೊಂಡಿದ್ದರು. ಇಂಥ ಅಪಶಕುನವಾದ ಮೇಲೆ ಲಗ್ನ ಈ ವರ್ಷ ಬೇಡ ಎಂದು ಅವರ ಮನೆಯಲ್ಲಿ ಮಾತೆದ್ದಿತ್ತಂತೆ. ಬಾಗಿಲ ಸಂದಿಯಲ್ಲಿ ಮದುಮಗಳು ನಿಂತಿದ್ದಳು. ಪತ್ರಿಕೆಯನ್ನು ಓದಿ ಮುತ್ಯಾನಿಗೆ ಹೇಳಿದವಳು ಅವಳೇ.

ನಾನು ಯಾರೆಂದು ತಿಳಿದ ಕೂಡಲೇ ನಾಲ್ಕೂ ಕಡೆಯಿಂದ ಮಾತುಗಳು ಬಂದವು. "ಕಾಲೇಜಿನಾಗ ಇದನ್ನ ಕಲಿಸ್ತಿದ್ದಿಯೇನೋ, ಇದ್ದೋರನ್ನ ಸಾಯ್ಸೂದು?" ಎಂದ ಒಬ್ಬ. ಇತಿಹಾಸ ಕಲಿಸುತ್ತಿದ್ದೆ ಎಂದು ಹೇಳಿದ್ದರೆ ಅವನ ಮಾತಿಗೆ ಇನ್ನಷ್ಟು ಬಲ ಬರುತ್ತಿತ್ತು. ಮುತ್ಯಾ ಕೈಯೆತ್ತಿದ. ಎಲ್ಲರೂ ಸುಮ್ಮನಾದರು. ತೆಳ್ಳಗೆ, ಉದ್ದಕ್ಕೆ, ಕಂಬದ ಹಾಗೆ ನೆಟ್ಟಗೆ ಕೂತಿದ್ದ ಮನುಷ್ಯ.

"ಸತ್ತೀನಂತ ಬರದಿ, ಬರಿ. ಅದಕ್ಕ ನನಗ ಸಿಟ್ಟಿಲ್ಲ. ಎಂದಾರೆ ಒಂದಿನ ಸಾಯಾವನೇ ನಾ. ಖರೆ, ನನ್ನ ಮನೀ ಲಗ್ನದಾಗ ನನ್ನ ಹೆಸರು ಕೆಳಗ ಯಾಕ ಹೋತು? ಯಾರು ಇಳಿಸಿದ್ರು? ಅದನ್ನ ಹೇಳು."

ದೊಡ್ಡ ಮಗ ಹಂದರದ ಗಳ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಸಣ್ಣ ಮಗ ನನ್ನನ್ನೇ ನೋಡುತ್ತಿದ್ದ. ಅವನಿಗೆ ಸಂಶಯವಿತ್ತು, ನಾನು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ನಾನು ಬಚಾವು. ನನ್ನ ಕೋಣೆ, ನನ್ನ ಬೋರ್ಡು, ಎಲ್ಲವೂ ಬಚಾವು. ಆದರೆ ಆ ಅಣ್ಣತಮ್ಮಂದಿರು ಅಂದೇ, ಅಲ್ಲೇ, ಬೀಗರ ಕಣ್ಣ ಮುಂದೆ ಬೇರೆಯಾಗುತ್ತಿದ್ದರು. ಆ ಹುಡುಗಿಯ ಲಗ್ನ ನಿಲ್ಲುತ್ತಿತ್ತು. ಸಿಟ್ಟು ನನ್ನ ನಾಲಿಗೆಯತನಕ ಬಂದಿತ್ತು. ದೊಡ್ಡ ಮಗನ ಮೇಲೆ ನನಗೆ ಒಂದಿಷ್ಟೂ ಕನಿಕರವಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಬರೆಸಿಕೊಳ್ಳಲು ಬಂದವರ ಜಗಳ ಕೇಳಿ ಅದನ್ನು ಹೊರಗೆ ಬಿಡದೆ ಪತ್ರಿಕೆ ಮಾಡಿ ಕೊಡುವುದೇ ಇಷ್ಟು ದಿನ ನಾನು ಮಾಡಿದ ಕೆಲಸ. ಈಗ ನನ್ನ ಕುತ್ತಿಗೆಗೆ ಬಂತೆಂದು ಅದನ್ನು ಬಿಡಲೇ?

"ಕಡೀ ಸಲ ನಾ ನೋಡಬೇಕಾಗಿತ್ತು ಮುತ್ಯಾ. ನೋಡ್ಲಿಲ್ಲ. ಪತ್ರಿಕಿ ನಂದು, ತಪ್ಪೂ ನಂದೇ" ಎಂದೆ.

ಮತ್ತೆ ಗದ್ದಲವೆದ್ದಿತು. ಬೈಗುಳಗಳಲ್ಲಿ ಕೆಲವು ನನಗೆ ಹೊಸವು. ತಲೆ ತಗ್ಗಿಸಿ ನಿಂತೆ. ನಾಳೆಯೇ ಕೋಣೆ ಖಾಲಿ ಮಾಡಬೇಕು, ಬೋರ್ಡು ಇಳಿಸಬೇಕು ಎಂದು ಯೋಚಿಸುತ್ತಿದ್ದೆ, ಕಣ್ಣಲ್ಲಿ ನೀರು ಬಂತು. ಮುತ್ಯಾ ನನ್ನನ್ನು ನೋಡಿದ, ಆಮೇಲೆ ದೊಡ್ಡ ಮಗನನ್ನು ನೋಡಿದ, ಅವನನ್ನು ಬಹಳ ಹೊತ್ತು ನೋಡಿದ. ಕಡೆಗೆ ಬುತ್ತಿ ತಂದವರ ಕಡೆ ತಿರುಗಿದ.

"ಎಲ್ಲಾರೂ ಕೇಳ್ರಿ. ನನಗಾಗಿ ಬುತ್ತಿ ಕಟಗೊಂಡು ಬಂದೀರಿ. ಬಿಚ್ಚ್ರಿ. ಯಾರ ರೊಟ್ಟಿ ಹ್ಯಾಂಗವ ನೋಡ್ತೀನಿ. ಇಂಥಾ ಪುಣ್ಯ ಯಾರಿಗದ?"

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಅಂಗಳವೆಲ್ಲ ನಕ್ಕಿತು. ಗಂಟುಗಳು ಬಿಚ್ಚಿದವು, ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ, ಪುಂಡಿಪಲ್ಯ ಹೊರಬಂದವು. ಮುತ್ಯಾ ಒಬ್ಬೊಬ್ಬರ ಬುತ್ತಿಯಿಂದ ಒಂದೊಂದು ತುಣುಕು ತಿನ್ನುತ್ತ ಹೋದ. ನಂದೂರದವಳ ಮುಂದೆ ನಿಂತು, "ನಿನ್ನ ಹಿಂಡಿಗೆ ಉಪ್ಪು ಜಾಸ್ತಿ ಆಗ್ಯಾದವ್ವ. ಭಾಳ ಅತ್ತಿಯೇನು?" ಎಂದ. ಬೀಗರ ಹಿರಿಯರನ್ನು ಕೈ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಅವರೂ ಉಂಡರು. ಉಂಡ ಮೇಲೆ ಲಗ್ನ ನಿಲ್ಲಿಸುವ ಮಾತು ಅವರ ಬಾಯಿಂದ ಬರಲಿಲ್ಲ.

ಊಟವಾದ ಮೇಲೆ ಮುತ್ಯಾ ನನ್ನನ್ನು ತೋಟದ ಕಡೆ ಕರೆದುಕೊಂಡು ಹೋದ. ಬಾಳೆಯ ನೆರಳಲ್ಲಿ ಕಾಲುವೆಯ ನೀರು ಸಣ್ಣಗೆ ಹರಿಯುತ್ತಿತ್ತು.

"ನನ್ನ ಮಗನ ಮಾರಿ ನನಗ ಓದಲಿಕ್ಕ ಬರ್ತದ" ಎಂದ. "ನೀ ಹೇಳಲಿಲ್ಲ, ಚಲೋ ಮಾಡ್ದಿ. ಅವಂಗ ನಾ ಹೇಳಾವ ಇದ್ದೀನಿ. ಅದು ನಮ್ಮ ಮನೀ ಮಾತು. ಈಗ ಹೊಸಾ ಪತ್ರಿಕಿ ಬರಿ. ಮಕ್ಕಳ ಹೆಸರೇ ಬ್ಯಾಡ. ನಂದೊಂದೇ ಇರ್ಲಿ. ನಾ ಅಂದಂಗ ಬರಿ."

ನಾನು ಮಣ್ಣಿನ ಮೇಲೆ ಕೂತು ಬರೆದುಕೊಂಡೆ. ಅವನು ತೋಟದಲ್ಲಿ ಅಡ್ಡಾಡುತ್ತ ಹೇಳುತ್ತಲೇ ಹೋದ. ತಾನು ಹುಟ್ಟಿದ್ದು, ಬಾವಿ ತೋಡಿಸಿದ್ದು, ಯಾರು ಬುತ್ತಿ ತಂದರು, ಯಾರು ತರಲಿಲ್ಲ, ತರದವರ ಮನೆತನವೆಂಥದು, ಎಲ್ಲ ಬಂತು. ನಾನು ಕೇಳುತ್ತ, ತೆಗೆಯುತ್ತ, ಮತ್ತೆ ಓದಿ ಹೇಳುತ್ತ ಹೋದೆ. ಕೆಲವು ಕಡೆ ಅವನು ಜಗಳಕ್ಕೇ ನಿಂತ. ಕೆಲವು ಕಡೆ ನಾನೂ ಬಿಡಲಿಲ್ಲ. ಕಾಲೇಜಿನಲ್ಲಿ ಎಷ್ಟೋ ವರ್ಷ ಕಲಿಸಿ ನನಗೆ ಸಿಗದ ಸಂತೋಷ ಆ ಮಧ್ಯಾಹ್ನ ಸಿಕ್ಕಿತು. ಪುಸ್ತಕವಲ್ಲ, ಬರೀ ಒಂದು ಪತ್ರಿಕೆ, ಆದರೂ ಅದಕ್ಕಾಗಿಯೇ ನಾನು ನೌಕರಿ ಬಿಟ್ಟದ್ದು ಎಂದು ಅನ್ನಿಸಿತು. ಕಡೆಗೆ ಉಳಿದದ್ದು ಇಷ್ಟು:

"ನಾನು ಬದುಕಿದ್ದೇನೆ. ಎರಡು ಹೊತ್ತು ರೊಟ್ಟಿ ಉಣ್ಣುತ್ತೇನೆ, ತೋಟಕ್ಕೆ ಹೋಗಿ ಬರುತ್ತೇನೆ. ಬರುವ ಸೋಮವಾರ ನನ್ನ ಮೊಮ್ಮಗಳ ಲಗ್ನ. ನಾನು ಸತ್ತೆನೆಂದು ಅಳುತ್ತ ಬಂದವರೆಲ್ಲರೂ ಆ ದಿನ ನಗುತ್ತ ಬರಬೇಕು. ಬುತ್ತಿ ತರಬಾರದು. ಊಟ ನಮ್ಮಲ್ಲೇ ಇದೆ."

ಕೆಳಗೆ ಅವನ ಹೆಸರು, ಒಂದೇ.

ಛಾಪಖಾನೆಯವರ ಮೇಲೆ ನಂಬಿಕೆ ಹೋಗಿದೆ, ತಾನೇ ನಿಂತು ನೋಡುತ್ತೇನೆ ಎಂದು ಮುತ್ಯಾ ನನ್ನ ಜೊತೆ ಮೋಟಾರು ಹತ್ತಿದ. ಸಂಜೆ ನಮ್ಮ ಮನೆಗೆ ಬಂದು ಕೆಂಪು ಬಾಳೆಯ ಗೊನೆಯನ್ನು ಅವ್ವನ ಮುಂದಿಟ್ಟು ಅಲ್ಲೇ ಕೂತ. ಹೆಂಡತಿ ನಾನು ಬರೆದದ್ದನ್ನು ದೀಪದ ಹತ್ತಿರ ಹಿಡಿದು ಓದಿದಳು.

"ಇದನ್ನ ನೀವ್ ಬರದದ್ದೇನ್ರೀ?"

"ಅಲ್ಲ. ಮುತ್ಯಾ ಅಂದದ್ದು. ನಾ ಕಡಿಮಿ ಮಾಡಿದ್ದು."

"ಏನ್ ಕಡಿಮಿ ಮಾಡಿದ್ರಿ?"

"ಬೈಗುಳ."

ಅವಳು ಮತ್ತೊಮ್ಮೆ ಓದಿದಳು. ನಗುತ್ತಿದ್ದಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಕಾಲೇಜು ಇನ್ನೂ ತೆರೆದಿರಲಿಲ್ಲವಲ್ಲ.

ಮರುದಿನ ಛಾಪಖಾನೆಯಲ್ಲಿ ನಾನು ಮೊಳೆಯ ಪಕ್ಕ ಬಿಟ್ಟು ಕದಲಲಿಲ್ಲ. ಮುತ್ಯಾನಿಗೆ ಓದಲು ಬರುತ್ತಿರಲಿಲ್ಲ. ಮೊಳೆಯಲ್ಲಿ ಅಕ್ಷರವೆಲ್ಲ ಉಲ್ಟಾ ಇರುತ್ತವೆ, ಓದು ಬಂದವರಿಗೂ ತಿಳಿಯುವುದಿಲ್ಲ. ಅವನು ಬಗ್ಗಿ ನೋಡಿ, "ಇದರಾಗ ನಾ ಎಲ್ಲಿದ್ದೀನಿ?" ಎಂದ. ನಾನು ತೋರಿಸಿದೆ. ಅವನು ತನ್ನ ಹೆಸರಿನ ಮೇಲೆ ಬೆರಳಿಟ್ಟ. ಶಾಯಿ ಹತ್ತಿತು, ಅವನು ಒರೆಸಿಕೊಳ್ಳಲಿಲ್ಲ.

"ಮಾಸ್ತರ, ಆ ಕೆಳಗಿನ ಸಾಲಿಗೆ ನಾ ಒಂದಿನ ಹೋಗಾವನೇ. ಅದೇನು ತಪ್ಪಂಗಿಲ್ಲ. ಅವತ್ತ ನನ್ನ ನೀನೇ ಇಳಸು. ಮಂದಿ ಕೈಯಾಗ ಬಿಡಬ್ಯಾಡ. ಇರ್ತಿಯಲ್ಲ ಇಲ್ಲೇ?"

"ಇರ್ತೀನಿ ಮುತ್ಯಾ" ಎಂದೆ.

ಹೇಳಿದ ಮೇಲೆ ನನಗೇ ಗೊತ್ತಾಯಿತು, ಪ್ರಿನ್ಸಿಪಾಲರಿಗೆ ಕೊಡಬೇಕಾದ ಉತ್ತರವನ್ನು ನಾನು ಇವನಿಗೆ ಕೊಟ್ಟಿದ್ದೆ. ಲಗ್ನ ಸೋಮವಾರವೇ ಆಯಿತು. ಆ ಪತ್ರಿಕೆ ನೋಡಿದವರು ತಮಗೂ ಅಂಥದೇ ಬೇಕೆಂದು ಬಂದರು. ಅವರಲ್ಲಿ ಒಬ್ಬರು ತಮ್ಮ ತಂದೆ ಹೇಳುತ್ತಿದ್ದ ಬೇಸಾಯದ ಮಾತುಗಳನ್ನು ಪುಸ್ತಕ ಮಾಡಿಸಬೇಕು ಎಂದರು. ಕಾಲೇಜು ತೆರೆದ ದಿನ ನಾನು ಧೋತರದಲ್ಲೇ ಹೋಗಿ ಪ್ರಿನ್ಸಿಪಾಲರನ್ನು ಕಂಡು, ಇಸ್ತೀಫಾ ಕಳಿಸಿಬಿಡಿ ಎಂದು ಹೇಳಿ ಬಂದೆ. ಮನೆಗೆ ಬಂದಾಗ ಹೆಂಡತಿ ಅನ್ನಬೇಕಾದ್ದನ್ನು ಒಮ್ಮೆಗೇ ಅಂದಳು: "ಚಲೋ ಮಾಡಿದ್ರಿ."

ಮುತ್ಯಾ ಆಮೇಲೆ ಬಹಳ ವರ್ಷ ಬದುಕಿದ. ಅವನು ಹೋದಾಗ ಬುತ್ತಿ ಕಟ್ಟಿಕೊಂಡು ಹೋದವರಲ್ಲಿ ನಾವೂ ಇದ್ದೆವು. ಮುಂದಿನ ಬೇಸಿಗೆಯಲ್ಲಿ ಆ ಮನೆಯ ಇನ್ನೊಂದು ಲಗ್ನದ ಪತ್ರಿಕೆ ನನ್ನ ಕೈಗೆ ಬಂತು. ಆ ಕಾಲದ ಪತ್ರಿಕೆಗಳಲ್ಲಿ ಹೆಂಗಸರ ಹೆಸರಿಗೆ ಜಾಗ ಸಿಗುತ್ತಿದ್ದುದು ಅವರು ತೀರಿಹೋದ ಮೇಲೆಯೇ. ಲಿಂಗೈಕ್ಯ ಹಿರಿಯರ ಸಾಲಿನಲ್ಲಿ ಮುತ್ಯಾನ ಹೆಂಡತಿಯ ಹೆಸರು ಎಷ್ಟೋ ವರ್ಷದಿಂದ ಇತ್ತು. ಮೊಳೆಯವನನ್ನು ಪಕ್ಕಕ್ಕೆ ಸರಿಸಿ, ಮುತ್ಯಾನ ಹೆಸರನ್ನು ನಾನೇ ಒಂದೊಂದಕ್ಷರ ಜೋಡಿಸಿ ಅವಳ ಪಕ್ಕಕ್ಕೆ ಇಳಿಸಿದೆ.